ನಾರಿನ ಚಾಪೆಯ ಎರಡು ಅಂಚು

ಹಳೆಯ ತೆಂಗಿನ ನಾರಿಗೆ ತೇವ ತಗುಲಿದರೆ ಕೆರೆಯಂಚಿನ ಮಣ್ಣಿನ ವಾಸನೆ ಬರುತ್ತದೆ. ಹೋದ ವಾರ ಪಕ್ಕದ ಮನೆಯವರು ಅಟ್ಟ ಗುಡಿಸುವಾಗ ಉದ್ದನೆಯ ನಾರಿನ ಚಾಪೆಯೊಂದನ್ನು ಕೆಳಗಿಳಿಸಿ, "ನಿಮ್ಮತ್ರಾನೇ ಇರ್ಲಿ ಮೇಷ್ಟ್ರೇ" ಎಂದು ನಮ್ಮ ಜಗಲಿಯ ಮೇಲಿಟ್ಟರು. ಆ ವಾಸನೆಗೆ ಆ ಮನೆಯ ಸೊಸೆ ನೆನಪಾದಳು...

ತುರುವೇಕೆರೆಯಲ್ಲಿ ಅವರದು ಕೊಬ್ಬರಿ ವ್ಯಾಪಾರದ ಮನೆ. ಆಕೆ ಮದುವೆಗೆ ಮುಂಚೆ ಗುಂಡು ಎಸೆತದಲ್ಲಿ ರಾಜ್ಯಮಟ್ಟಕ್ಕೆ ಹೋಗಿದ್ದವಳು. ಭುಜ ಕೆಟ್ಟು ಆಟ ನಿಂತಿತ್ತು. ಲಾನ್ ಬೌಲ್ಸ್ ಎಂಬ ಆಟಕ್ಕೆ ಆಟಗಾರರನ್ನು ಹುಡುಕುತ್ತಿದ್ದಾರೆಂದು ಗೆಳತಿಯೊಬ್ಬಳು ಹೇಳಿಕಳಿಸಿದಾಗ ಆಕೆಗೆ ಮೂವತ್ತು ದಾಟಿತ್ತು. ಹುಲ್ಲುಹಾಸಿನ ಮೇಲೆ ದೊಡ್ಡ ಚೆಂಡು ಉರುಳಿಸಿ, ದೂರದ ಸಣ್ಣ ಬಿಳಿ ಚೆಂಡಿನ ಪಕ್ಕ ನಿಲ್ಲಿಸಬೇಕು. ಕೇಳಲು ಸುಲಭ. ಆದರೆ ಆ ದೊಡ್ಡ ಚೆಂಡು ನೆಟ್ಟಗೆ ಹೋಗುವುದಿಲ್ಲ, ಒಂದು ಮಗ್ಗುಲಿಗೆ ಬಾಗುತ್ತದೆ.

"ಎಸೆಯೋದ್ ಬುಟ್ಟು ಈಗ ಉರುಳ್ಸೋಕೆ ಹೊಂಟವ್ಳೆ. ಅಟ್ಟದ ಮೇಲೆ ಬೇಕಾದಷ್ಟು ಕಾಯಿ ಅವೆ, ಉರುಳ್ಸು ಹೋಗೇ," ಎಂದು ಅವಳ ಅತ್ತೆ ನಕ್ಕರು.

ಆಕೆ ಕೊಬ್ಬರಿ ಒಣಗಿಸುವ ಸಿಮೆಂಟ್ ಕಣದಲ್ಲಿ ಅಭ್ಯಾಸ ಮಾಡಿ ತಂಡದ ಆಯ್ಕೆಗೆಂದು ದೆಹಲಿಗೆ ಹೋದಳು. ಅಲ್ಲಿನ ಹುಲ್ಲಿನ ಮೇಲೆ ಅವಳ ಚೆಂಡುಗಳೆಲ್ಲ ಅರ್ಧದಾರಿಯಲ್ಲೇ ನಿಂತವು. ವಾಪಸು ಕಳಿಸಿದರು.

ಬಂದವಳು ಅಳುತ್ತಾ ಕೂರಲಿಲ್ಲ. ನಾರಿನ ಕಾರ್ಖಾನೆಯಲ್ಲಿ ಈ ಚಾಪೆ ನೇಯಿಸಿ ತಂದಳು. ನಾರು ಚೆಂಡನ್ನು ಹುಲ್ಲಿನಂತೆಯೇ ಹಿಡಿಯುತ್ತಿತ್ತು. ಅತ್ತೆ ಒಪ್ಪಿದರು, ಷರತ್ತಿನ ಮೇಲೆ. "ಬಿಸ್ಲು ಬರೋಕ್ ಮುಂಚೆ ಕಣ ಖಾಲಿಯಾಗ್ಬೇಕು. ಈ ಸಲಾನೂ ವಾಪಸ್ ಬಂದ್ರೆ ಆಟ ಬುಟ್ಬುಡ್ಬೇಕು ಕಣೇ."

"ಆಗ್ಲಿ ಅತ್ತೆ," ಎಂದಳು.

ನಾನು ಶಾಲೆಯ ಡ್ರಿಲ್ ಮೇಷ್ಟ್ರು, ಸೂರ್ಯನಿಗಿಂತ ಮುಂಚೆ ಏಳುವವನು. ಚಾಪೆ ಸುತ್ತಲು ಇಬ್ಬರು ಬೇಕಿತ್ತು. ಆಕೆ ಒಂದು ಅಂಚು, ನಾನು ಇನ್ನೊಂದು. ಒಬ್ಬರು ಮುಂದಾದರೂ ಸುರುಳಿ ಸೊಟ್ಟಗಾಗುತ್ತಿತ್ತು. ಮಳೆಯಾದ ಮಾರನೆಯ ದಿನವೂ ತಪ್ಪಿಸಲಿಲ್ಲ.

ಒಂದು ಅಭ್ಯಾಸವನ್ನು ಮಾತ್ರ ಬಿಡಿಸಲು ಆಗಲಿಲ್ಲ. ಅಟ್ಟದಲ್ಲಿ ವರ್ಷದ ಹತ್ತಿರ ಇಟ್ಟ ಕಾಯಿಯನ್ನು ನಮ್ಮವರು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಾರೆ. ಒಳಗೆ ಗಡಗಡ ಎಂದರೆ ಉಂಡೆಕೊಬ್ಬರಿ ತಯಾರು. ಆಕೆ ಪ್ರತಿ ಚೆಂಡನ್ನೂ ಹಾಗೇ ಎರಡು ಕೈಯಲ್ಲಿ ಎತ್ತಿ ಅಲ್ಲಾಡಿಸಿಯೇ ಉರುಳಿಸುವಳು.

"ಅದೇನ್ ಕೊಬ್ರಿಯೇನಮ್ಮ, ಸದ್ದು ಬರೋಕೆ?"

"ಗೊತ್ತು ಮೇಷ್ಟ್ರೇ. ಕೈ ಕೇಳಲ್ಲ."

ಎರಡನೆಯ ಆಯ್ಕೆಯಲ್ಲಿ ತರಬೇತುದಾರರು ಇದನ್ನು ಕಂಡು ಗದರಿದರಂತೆ. ಆಕೆ ಅಲ್ಲಾಡಿಸುವುದನ್ನು ನಿಲ್ಲಿಸಿದಳು. ಚೆಂಡುಗಳು ದಿಕ್ಕು ತಪ್ಪಿದವು. ಉಳಿದದ್ದು ಒಂದೇ ಚೆಂಡು. ಅತ್ತೆಯ ಷರತ್ತು ನೆನಪಾಯಿತಂತೆ. ಯಾರ ಮುಖವನ್ನೂ ನೋಡದೆ ಚೆಂಡನ್ನು ಕಿವಿಗೆತ್ತಿ ಅಲ್ಲಾಡಿಸಿದಳು, ಉರುಳಿಸಿದಳು. ಅದು ಬಾಗಿ ಹೋಗಿ ಬಿಳಿ ಚೆಂಡಿಗೆ ಒರಗಿ ನಿಂತಿತು. ಆ ಒಂದು ಚೆಂಡಿಗೆ ಇನ್ನೊಂದು ಸುತ್ತು ಆಡಲು ಬಿಟ್ಟರು. ಆ ಸುತ್ತಿನಲ್ಲಿ ಗೆದ್ದಳು.

ಆಮೇಲೆ ಹಲವು ವರ್ಷ ಭಾರತದ ಜರ್ಸಿ ತೊಟ್ಟಳು. ಮೊದಲ ಸಲ ವಿದೇಶದಿಂದ ಬರಿಗೈಲಿ ಬಂದಳು. ಮಾರನೆಯ ಬೆಳಗ್ಗೆಯೇ ಚಾಪೆ ಹಾಸಿದಳು. ಮುಂದೆ ತಂಡದೊಂದಿಗೆ ಕಂಚು ತಂದಳು. ಎದುರಾಳಿಗಳು ಆ ಅಲ್ಲಾಡಿಸುವುದನ್ನು ಪೂಜೆಯೆಂದೇ ತಿಳಿದಿದ್ದರಂತೆ. ಅತ್ತೆ ಮಾತ್ರ ಕೊಬ್ಬರಿ ಮಂಡಿಗೆ ಬಂದವರಿಗೆಲ್ಲ, "ನಮ್ ಸೊಸೆ ದೇಸಕ್ಕೆ ಉರುಳುಸ್ತಾಳೆ ಕಣ್ರೀ" ಎನ್ನುತ್ತಿದ್ದರು.

ಹೋದ ವರ್ಷ ಆಕೆ ಕಾಯಿಲೆಯಲ್ಲಿ ತೀರಿಕೊಂಡಳು. ಕೊನೆಯವರೆಗೂ ಬೆಳಗಿನ ಅಭ್ಯಾಸ ಬಿಟ್ಟಿರಲಿಲ್ಲ. ಕೊನೆಕೊನೆಗೆ ಕೂತೇ ಉರುಳಿಸುತ್ತಿದ್ದಳು...

ಇವತ್ತು ಬೆಳಗ್ಗೆ ತೇವ ಆರಲೆಂದು ಚಾಪೆಯನ್ನು ಅಂಗಳದಲ್ಲಿ ಹಾಸಿದೆ. ಹಳೆಯ ರೂಢಿಯಂತೆ ಬಿಸಿಲೇರುವ ಮುಂಚೆಯೇ ಒಬ್ಬನೇ ಸುತ್ತಿದೆ. ಆ ಕಡೆಯ ಅಂಚು ಹಿಂದೆ ಉಳಿದು ಸೊಟ್ಟಗಾಯಿತು. ಬಿಚ್ಚಿದೆ. ಈ ಅಂಚು ಒಂದು ಗೇಣು, ಎದ್ದು ಹೋಗಿ ಆ ಅಂಚು ಒಂದು ಗೇಣು, ಹೀಗೆ ಮತ್ತೆ ಸುತ್ತಿದೆ.