ಎ ಸೈಡಿನ ಮೊದಲ ಹಾಡು

ನನ್ನ ಅಕ್ಕ ನಂಬಿ ಹೇಳಿದ ಮಾತನ್ನು ನಾನು ಹಾಡು ಕಟ್ಟಿ ಮಾರಿದೆ. ಗೊತ್ತಿದ್ದೇ ಮಾರಿದೆ. ಆಗ ಹುಡುಗುಬುದ್ಧಿ ಎಂದರೆ ಅದೂ ಸುಳ್ಳು — ನನಗೆ ಮೂವತ್ತು ದಾಟಿತ್ತು.

ತೊಂಬತ್ತರ ದಶಕದ ಕೊನೆ. ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ಟೈಪಿಸ್ಟ್ ಆಗಿದ್ದೆ. ಸಂಜೆ ಗಿಟಾರ್ ಹಿಡಿದು ನಾನೇ ಬರೆದ ಹಾಡು ಹಾಡುತ್ತಿದ್ದೆ. ಗುಬ್ಬಿ ಕಡೆಯ ಮನೆಮಾತು, ಸೋಬಾನೆಯ ಧಾಟಿ. ಭಾವಗೀತೆಯವರಿಗೆ ಅವು ಒರಟು, ಆರ್ಕೆಸ್ಟ್ರಾದವರಿಗೆ ಸಪ್ಪೆ. ಶೆಟ್ಟಿಹಳ್ಳಿಯ ತಮ್ಮ ಮನೆಯ ಮಹಡಿಯಲ್ಲಿ ಸ್ಟುಡಿಯೋ ಇಟ್ಟಿದ್ದ ರಾಜಣ್ಣ ಮಾತ್ರ ಕ್ಯಾಸೆಟ್ ಮಾಡೋಣ ಎಂದರು.

ಆ ಬೇಸಿಗೆಯಲ್ಲಿ ಅಕ್ಕ ಗಿರಿಜಾ ಅಮೃತೂರಿನ ಗಂಡನ ಮನೆಯಿಂದ ಗುಬ್ಬಿಯ ತವರಿಗೆ ಬಂದಿದ್ದಳು. ಅವಳ ಅತ್ತೆ ತೀರಿಕೊಂಡು ವರ್ಷವಾಗಿರಲಿಲ್ಲ. ಹುಣಸೆಬೀಜ ಬಿಡಿಸುತ್ತಾ ಕೂತಿದ್ದಾಗ ಹೇಳಿದಳು. ಹಾಸಿಗೆ ಹಿಡಿದಿದ್ದ ಅತ್ತೆ ಕೊನೆಯ ದಿನ ಮಧ್ಯಾಹ್ನ ನೀರು ಕೇಳಿದರಂತೆ. ಮದುವೆಯಾದಾಗಿನಿಂದ ಅವರಿಂದ ಬೈಸಿಕೊಂಡೇ ಬಂದಿದ್ದ ಅಕ್ಕ, ಅಡುಗೆಮನೆಯಲ್ಲಿ ಕೇಳಿಸದವಳ ಹಾಗೆ ನಿಂತಳಂತೆ. ಕೂಗು ನಿಂತ ಮೇಲೆ ಚೊಂಬು ಹಿಡಿದು ಹೋದರೆ —

"ಯಾರ್ಗೂ ಹೇಳ್ಬೇಡ ಕಣೇ. ಅವ್ರಿಗೂ ಗೊತ್ತಿಲ್ಲ" ಎಂದಳು. ಅವರು ಎಂದರೆ ಭಾವ.

ನಾನು ಅವಳ ಕೈ ಹಿಡಿದುಕೊಂಡಿದ್ದೆ. ಹಿಡಿದುಕೊಂಡೇ ಹಾಡಿನ ಮೊದಲ ಸಾಲು ಹುಡುಕುತ್ತಿದ್ದೆ. ಥೂ.

ರೆಕಾರ್ಡಿಂಗ್ ದಿನ ರಾಜಣ್ಣ ಹಾಡು ಕೇಳಿ ಹೆಡ್‌ಫೋನ್ ತೆಗೆದಿಟ್ಟರು. ಆಮೇಲೆ, "ಇದು ನಿಜ್ವಾಗ್ಲೂ ಆಗಿದ್ದಾ? ಮನೆಯೋರ್ದಾದ್ರೆ ಬುಡಮ್ಮ, ಬ್ಯಾಡ" ಎಂದರು. ಕಲ್ಪನೆ ಎಂದೆ. ಎ ಸೈಡಿನಲ್ಲಿ ಮೊದಲಿಗೇ ಹಾಕಿಸಿದೆ. ಅಮೃತೂರು, ಹಿತ್ತಾಳೆ ಚೊಂಬು, ಆ ಮುದುಕಿ 'ಗಿರ್ಜೀ' ಎಂದು ಎಳೆದು ಕೂಗುತ್ತಿದ್ದ ರೀತಿ — ಒಂದನ್ನೂ ಬದಲಿಸಲಿಲ್ಲ. ಬದಲಿಸಿದರೆ ಹಾಡು ಸೊರಗುತ್ತಿತ್ತು. ಅಕ್ಕ ಸೊರಗಿದರೆ? ಅದನ್ನು ಕೇಳಿಕೊಳ್ಳಲೇ ಇಲ್ಲ.

ಕ್ಯಾಸೆಟ್ ಓಡಿತು. ಕುಣಿಗಲ್ ಕಡೆಯ ಪ್ರೈವೇಟ್ ಬಸ್ಸುಗಳಲ್ಲಿ ಹಾಕುತ್ತಿದ್ದರು. ಅಂಥದೇ ಒಂದು ಬಸ್ಸಿನಲ್ಲಿ ಭಾವ ಕೇಳಿದರು. ಮನೆಗೆ ಹೋಗಿ, "ಅವ್ವ ನೀರು ಕೇಳಿದ್ದು ನಿಜ್ವಾ?" ಎಂದಷ್ಟೇ ಕೇಳಿದರಂತೆ. ಅಕ್ಕ ಹೌದು ಎಂದಳು. ಅಂದಿನಿಂದ ಭಾವ ಅವಳ ಕೈಯ ಒಂದು ಲೋಟ ನೀರನ್ನೂ ಮುಟ್ಟಲಿಲ್ಲ. ಅದೇ ಮನೆಯಲ್ಲಿ ತಮ್ಮದನ್ನು ತಾವೇ ಬೇಯಿಸಿಕೊಂಡು ತಿಂದರು. ಹಾಗೇ ವರ್ಷಗಳು ಕಳೆದವು, ಹಾಗೇ ತೀರಿಕೊಂಡರು.

ಇತ್ತ ನನಗೆ ಹಾರ, ಶಾಲು. "ಎಂಥಾ ಕಲ್ಪನೆ ಮೇಡಂ" ಎನ್ನುವವರು. ಅವರ ಬಾಯಿ ಮುಚ್ಚಿಸಬೇಕು ಅನ್ನಿಸುತ್ತಿತ್ತು — ಮುಚ್ಚಿಸಲಿಲ್ಲ. ನಕ್ಕೆ. ಶಾಲು ಹೊದ್ದುಕೊಂಡೆ. ಭಾವನ ಮೇಲೆ ಸಿಟ್ಟು ಮಾಡಿಕೊಂಡೆ, ಆ ಬಸ್ಸಿನ ಡ್ರೈವರ್ ಮೇಲೂ ಮಾಡಿಕೊಂಡೆ. ಎಲ್ಲರ ಮೇಲೂ ಹರಿದ ಸಿಟ್ಟು ನನ್ನ ಹತ್ತಿರ ಬರಲು ಎಷ್ಟು ಕಾಲ ಹಿಡಿಯಿತು —

ಇದನ್ನು ಬರೆಯುವ ಮುಂಚೆ ಅಮೃತೂರಿಗೆ ಹೋಗಿ ಅಕ್ಕನ ಒಪ್ಪಿಗೆ ಕೇಳಿದೆ. ಬೈಯಲಿ, ಹೊಡೆಯಲಿ ಎಂದುಕೊಂಡೇ ಹೋಗಿದ್ದೆ. ಅವಳು ದನಿ ಏರಿಸಲಿಲ್ಲ.

"ನಾನೇ ಅವ್ರಿಗೆ ಹೇಳ್ಬೇಕು ಅಂತಿದ್ದೆ ಕಣೇ. ಧೈರ್ಯ ಬರ್ಲಿ ಅಂತ ಕಾಯ್ತಿದ್ದೆ. ನಾನಾಗೇ ಹೇಳಿದ್ರೆ ಅವ್ರು ಏನಂತಿದ್ರೋ, ಅದು ನಂಗೆ ಇನ್ನು ಗೊತ್ತಾಗಲ್ಲ. ಬರ್ಕೊ. ಈ ಸಲ ನಿನ್ ತಪ್ಪನ್ನ ಬರಿ."

ಬರೆದಿದ್ದೇನೆ. ಓದಿದವರು ಯಾರೂ ಚೆನ್ನಾಗಿದೆ ಎನ್ನಬೇಡಿ.