ನಮ್ಮ ಓಣಿಯ ತಲಬಾಗಿಲುಗಳು

ಹಳೇ ಬಾಗಲಕೋಟೆಯ ನಮ್ಮ ಓಣಿ ಹಿನ್ನೀರಿನಲ್ಲಿ ಮುಳುಗುವುದು ಖಚಿತವಾದ ವರ್ಷ, ಓಣಿಯ ಹೆಂಗಸರ ಕೈಗೆ ಹಾಳೆ, ಇದ್ದಿಲು ಕೊಟ್ಟು, ಅವರವರ ತಲಬಾಗಿಲಿನ ಚಿತ್ರ ಅವರೇ ಬರೆಯಲಿ ಎಂದೆ. ನಾನಾಗ ಚಿತ್ರಕಲೆ ಕಲಿತು ಬಂದಿದ್ದ ಹೊಸತು.

"ರಂಗೋಲಿ ಬಿಟ್ರ ನಮಗೇನ್ ಬರತೈತವ್ವಾ?" ಎಂದವರೇ ಮಧ್ಯಾಹ್ನ ಮುಸುರೆ ತಿಕ್ಕಿ ನಮ್ಮ ಕಟ್ಟೆಗೆ ಬಂದು ಕೂತರು. ಎಲ್ಲರಿಗಿಂತ ಚೆನ್ನಾಗಿ ಬರೆದವಳು ಇಳಕಲ್ಲಿನ ನೇಕಾರರ ಮನೆಯಿಂದ ಸೊಸೆಯಾಗಿ ಬಂದಿದ್ದ ಮುದುಕಿ.

ನನಗೆ ಚಿತ್ರ ಕಲಿಸಿದ ಮೇಷ್ಟರು ಒಮ್ಮೆ ಬಂದು ನೋಡಿ, "ಮನಿ ಬಿಡೂ ಗದ್ದಲದಾಗ ಹರದು ಹೋಗ್ತಾವ. ನನ್ನ ಕಪಾಟಿನ್ಯಾಗ ಇಡ್ತೇನಿ" ಎಂದರು. ನಂಬಿ ಕೊಟ್ಟೆ.

ಎರಡು ವರ್ಷದ ನಂತರ ವಿದ್ಯಾಗಿರಿಯಲ್ಲಿ ಅವರ ಪ್ರದರ್ಶನದ ಕರೆಯೋಲೆ ನನ್ನ ಕೈಗೆ ಬಂತು. ಮೇಲೆ ಮುದುಕಿ ಬರೆದ ಬಾಗಿಲು, ಕೆಳಗೆ ಮೇಷ್ಟರ ಹೆಸರು. ಹೋಗಿ ಕೇಳಿದೆ.

"ಆ ಹೆಣಮಕ್ಕಳಿಗೆ ಕಲೆ ಅಂದ್ರ ಏನ್ ತಿಳಿತೈತಿ? ಚೌಕಟ್ಟು ಹಾಕಿಸಿದಾಂವ ನಾ."

ನಾನು ಜಗಳ ಮಾಡಲಿಲ್ಲ. ಮಾಡಿದ್ದರೆ ಅವರು ಎಚ್ಚರಾಗುತ್ತಿದ್ದರು. ಮುಳುಗಡೆಯವರಿಗೆಂದು ಕಟ್ಟಿದ ನವನಗರವನ್ನು ಮೂರು ದಿನ ಸುತ್ತಿ, ಚದುರಿಹೋಗಿದ್ದ ಹೆಂಗಸರನ್ನು ಹುಡುಕಿದೆ.

ಉದ್ಘಾಟನೆಯ ದಿನ ಮೇಷ್ಟರು ಮುಳುಗಿದ ಊರಿನ ದುಃಖದ ಬಗ್ಗೆ ಮಾತು ಶುರುಮಾಡಿದಾಗ ಸನ್ನೆ ಮಾಡಿದೆ. ಹನ್ನೊಂದು ಮಂದಿ ಹೆಂಗಸರು ಎದ್ದು ತಮ್ಮ ತಮ್ಮ ಚಿತ್ರದ ಮುಂದೆ ನಿಂತರು. ಮುದುಕಿ ಕೇಳಿದಳು: "ಸರ್, ಈ ಬಾಗಲಾ ತಗಿಬೇಕಾದ್ರ ಚಿಲಕ ಎತ್ತಬೇಕೋ, ಜಗ್ಗಬೇಕೋ ಹೇಳ್ರಿ?"

ಮೇಷ್ಟರು ಕೈಯಲ್ಲಿದ್ದ ಭಾಷಣದ ಹಾಳೆ ತಿರುವಿದರು.

"ನಲವತ್ತ ವರ್ಷ ತಗದೇನಿ ನಾ. ಮೊದಲ ಕಾಲಿಲೆ ಒದಿಬೇಕು!"

ಸಭೆ ನಕ್ಕಿತು. ಮೇಷ್ಟರ ಕಣ್ಣಲ್ಲಿ ನೀರು ಬಂತು. ಅಲ್ಲಿಗೆ ನಿಲ್ಲಿಸಬಹುದಿತ್ತು. ನನಗೆ ಸಾಕಾಗಿರಲಿಲ್ಲ. "ಚೌಕಟ್ಟು ನಿಮ್ಮವು ಸರ್, ವಾಪಸ್ ತಗೋರಿ" ಎಂದು, ಹೆಂಗಸರನ್ನು ಅಲ್ಲೇ ನೆಲದ ಮೇಲೆ ಕೂರಿಸಿ ಒಂದೊಂದೇ ಮೊಳೆ ಕೀಳಿಸಿ, ಖಾಲಿ ಚೌಕಟ್ಟುಗಳನ್ನು ಅವರ ಕಾಲ ಬಳಿ ಒಟ್ಟಿಸಿದೆ. ಆ ಮುಖ ನೋಡಿ ನನ್ನ ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ ಹೇಳಲಿ.

ಮುಂದೆ ಅವರು ಹಾಸಿಗೆ ಹಿಡಿದಾಗ ಅವರ ಹೆಂಡತಿ ಬಂದು, "ಒಮ್ಮೆ ಮಾರಿ ತೋರಿಸಿ ಹೋಗವ್ವಾ" ಎಂದು ಅತ್ತರು. ನನ್ನ ಬೆರಳು ಹಿಡಿದು ಮೊದಲ ಗೆರೆ ಎಳೆಸಿದವರು ಅವರೇ. ಆದರೂ ನಾನು ಹೋಗಲಿಲ್ಲ.

ಮುದುಕಿ ಹೋಗಿಬಂದಳು. "ನಿನ್ನ ಕೇಳಿದ್ರು" ಎಂದಳು. ನಾನು ಚಹಾ ಸೋಸುತ್ತಿದ್ದೆ. ಏನು ಹೇಳಿದಿ ಅಂತ ಅವಳನ್ನು ಕೇಳಲೂ ಇಲ್ಲ.