ಚರ್ ತಾತನ ಸುಳ್ಳು ಗುಂಡಿಗಳು

ಆ ಬೀದಿಯ ದರ್ಜಿಗೆ ಹೆತ್ತವರು ಏನು ಹೆಸರಿಟ್ಟಿದ್ದರೋ, ಈಗ ಕೇಳಿದರೆ ಅವನೇ ಒಂದು ಗಳಿಗೆ ಯೋಚಿಸಬೇಕು. ಎಲ್ಲರಿಗೂ ಅವನು ಚರ್ ತಾತ. ಈ ಬಿರುದು ಕೊಟ್ಟವರು ಪಕ್ಕದ ಶಿಶುವಿಹಾರದ ಮಕ್ಕಳು. ಅವರ ಸಮವಸ್ತ್ರವನ್ನೆಲ್ಲ ಹೊಲಿಯುವವನು ಇವನೇ. ನಾಲ್ಕು ವರ್ಷದ ಹಿಂದೆ ಇವನಿಗೊಂದು ಉಪಾಯ ಹೊಳೆಯಿತು. ಅಂಗಿಯ ಮೇಲ್ಗಡೆ ನೋಡುವವರ ಕಣ್ಣಿಗೆ ಅಂದವಾಗಿ ಐದು ಗುಂಡಿ. ಒಳಗಡೆ ಗುಂಡಿ ತೂರಿಸುವ ಕಾಜವೇ ಇಲ್ಲ, ಒತ್ತಿದರೆ ಅಂಟಿಕೊಳ್ಳುವ ಪಟ್ಟಿ. ಎಳೆದರೆ ಚರ್ ಎಂದು ಬಿಚ್ಚಿಕೊಳ್ಳುತ್ತದೆ. ಮಕ್ಕಳಿಗೆ ಅಂಗಿಗಿಂತ ಆ ಸದ್ದೇ ಇಷ್ಟವಾಯಿತು.

ತಾಯಂದಿರಂತೂ ಅವನನ್ನು ತಲೆಯ ಮೇಲೆ ಹೊತ್ತುಕೊಂಡು ಕುಣಿಯುವುದೊಂದು ಬಾಕಿ. "ತಾತಾ, ನನ್ನ ಮಗ ತಾನೇ ಅಂಗಿ ಹಾಕ್ಕೊಂಡು ಬಾಗಿಲ ಹತ್ರ ನಿಂತ್ಬಿಡ್ತಾನೆ!" ಎಂದು ಒಬ್ಬಳು, "ನಮ್ಮವಳಿಗೆ ಮೂರು ವರ್ಷಕ್ಕೇ ಬಂದ್ಬಿಡ್ತು" ಎಂದು ಇನ್ನೊಬ್ಬಳು. "ಮಕ್ಕಳಿಗೆ ಯಾಕಮ್ಮ ಬೆಳಗಾಗೆದ್ದು ಆ ಗೋಳು?" ಎಂದು ತಾತ ಕನ್ನಡಕ ಏರಿಸಿಕೊಳ್ಳುತ್ತಿದ್ದ. ಶಿಶುವಿಹಾರದವರೂ ಕಡಿಮೆಯವರಲ್ಲ. ವರ್ಷದ ಕೊನೆಗೆ ಕೊಡುವ ಕಾರ್ಡಿನಲ್ಲಿ 'ತಾನೇ ಗುಂಡಿ ಹಾಕಿಕೊಳ್ಳುತ್ತದೆ' ಎಂಬಲ್ಲಿ ಎಲ್ಲ ಮಕ್ಕಳಿಗೂ ಕಣ್ಣುಮುಚ್ಚಿಕೊಂಡು ಸರಿ ಗುರುತು ಹಾಕುತ್ತಿದ್ದರು.

ತಾತನ ಮಗಳ ಮಗಳು ಗಿಣಿಯ ಕಾರ್ಡಿನಲ್ಲೂ ಆ ಗುರುತಿತ್ತು. ಗಿಣಿ ಎಂದರೆ ಅವಳ ಬಾಯಿಗೆ ಕೊಟ್ಟ ಹೆಸರು. ಆರು ತುಂಬುತ್ತಾ ಬಂದಿದ್ದರೂ ಆ ಬಾಯಿ ಒಮ್ಮೆಯೂ ಮುಚ್ಚಿದ್ದಿಲ್ಲ. ದೊಡ್ಡ ಶಾಲೆಯಲ್ಲಿ ಒಂದನೇ ತರಗತಿಗೆ ಸೇರಿಸುವ ಮೊದಲು ಅಲ್ಲಿನ ಟೀಚರ್ ಒಂದೊಂದೇ ಮಗುವನ್ನು ಕೂರಿಸಿಕೊಂಡು ನೋಡುತ್ತಿದ್ದರು. ಮಗಳು ಬಸ್ ನಿಲ್ದಾಣದ ಟಿಕೆಟ್ ಕೌಂಟರ್ ಬಿಟ್ಟು ಬರುವಂತಿರಲಿಲ್ಲ. "ಅಪ್ಪಾ, ಇವತ್ತು ಆಗ್ಲಿಲ್ಲ ಅಂದ್ರೆ ಇನ್ನೊಂದು ವರ್ಷ ಚಿಕ್ಕಮಕ್ಕಳ ಜೊತೆ ಕೂರ್ಬೇಕಾಗುತ್ತೆ" ಎಂದಿದ್ದಳು. "ನಮ್ಮ ಗಿಣೀನಾ? ನೀನು ನಿಶ್ಚಿಂತೆಯಾಗಿ ಹೋಗು" ಎಂದು ತಾತ ಎದೆಯುಬ್ಬಿಸಿ ಹೊರಟಿದ್ದ.

ಗಿಣಿ ಒಂಟಿ ಕಾಲಲ್ಲಿ ಹತ್ತು ಎಣಿಸುವವರೆಗೆ ನಿಂತಳು. ಬಣ್ಣಗಳನ್ನು ಹೇಳಿದಳು. ಕಥೆ ಹೇಳು ಎಂದರೆ ಎರಡು ಕಥೆ ಹೇಳಿದಳು, ಮೂರನೆಯದನ್ನು ಟೀಚರೇ ತಡೆದರು. ಪೆನ್ಸಿಲ್ಲನ್ನು ಮಾತ್ರ ಸೌಟು ಹಿಡಿದಂತೆ ಮುಷ್ಟಿಯಲ್ಲಿ ಹಿಡಿದಳು. ಟೀಚರ್ ಒಂದು ಹಳೆಯ ಕೋಟು ತಂದು ಅವಳಿಗೆ ತೊಡಿಸಿ, "ಗುಂಡಿ ಹಾಕ್ಕೋ ಕಂದಾ" ಎಂದರು.

ಗಿಣಿ ಎರಡೂ ಅಂಚು ಸೇರಿಸಿ ಅಂಗೈಯಿಂದ ಒತ್ತಿದಳು. ಕೋಟು ತೆರೆದುಕೊಂಡಿತು. ಮತ್ತೆ ಒತ್ತಿದಳು. ಜೋರಾಗಿ ಗುದ್ದಿದಳು. ಗುಂಡಿಯನ್ನು ಬೆರಳಲ್ಲಿ ಹಿಡಿಯಬೇಕು, ಅದಕ್ಕೊಂದು ತೂತಿದೆ, ಅದರೊಳಗೆ ತೂರಿಸಬೇಕು ಎಂಬುದು ಅವಳಿಗೆ ಹೊಳೆಯಲೇ ಇಲ್ಲ. "ಇದು ಕೆಟ್ಟೋಗಿದೆ ಮೇಡಂ" ಎಂದಳು.

ತಾತ ಕೂತಿದ್ದ ಬೆಂಚನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಇವಳೂ ಹೀಗೇನಾ!" ಟೀಚರ್ ಪೆನ್ನು ಕೆಳಗಿಟ್ಟರು. "ಈ ವಾರ ಆ ಶಿಶುವಿಹಾರದಿಂದ ಬಂದ ಹದಿನಾಲ್ಕು ಮಕ್ಕಳೂ ಒತ್ತಿದ್ರು ತಾತಾ. ಒಂದು ಮಗೂನೂ ಗುಂಡಿ ಹಿಡೀಲಿಲ್ಲ. ನನಗೆ ಗಾಬರಿಯಾಯ್ತು, ನೀರಲ್ಲೇನಾದ್ರೂ ಇದೆಯಾ ಅಂತ. ಆಮೇಲೆ ಒಂದು ಮಗುವಿನ ಅಂಗಿ ಬಿಚ್ಚಿ ನೋಡ್ದೆ. ಯಾವ ಪುಣ್ಯಾತ್ಮ ಹೊಲಿತಾನೋ ಅದನ್ನ!"

ತಾತ ಸುಮ್ಮನೆ ಕೂತಿದ್ದರೆ ಆಗುತ್ತಿತ್ತು, ಆದರೆ ಪಕ್ಕದಲ್ಲಿ ಗಿಣಿ ಇದ್ದಳಲ್ಲ. "ನಮ್ಮ ತಾತಾನೇ ಮೇಡಂ!" ಎಂದು ಹಿಗ್ಗಿ ಹೀರೇಕಾಯಿಯಾಗಿ ಕೂಗಿದಳು. "ಎಲ್ಲಾರ್ದೂ ನಮ್ಮ ತಾತಾನೇ ಹೊಲಿಯೋದು!"

ಟೀಚರ್ ಬಾಯಿಗೆ ಕೈ ಅಡ್ಡ ಹಿಡಿದರು. ಆಮೇಲೆ ಮೆಲ್ಲಗೆ ಹೇಳಿದರು: "ಬುದ್ಧಿಗೇನೂ ಕಮ್ಮಿಯಿಲ್ಲ ತಾತಾ. ಬೆರಳಿಗೆ ಕೆಲಸ ಸಿಕ್ಕಿಲ್ಲ, ಅಷ್ಟೇ. ಗುಂಡಿ ಹಿಡಿಯೋ ಬೆರಳೇ ನಾಳೆ ಪೆನ್ಸಿಲ್ ಹಿಡೀಬೇಕು. ಶಾಲೆ ಶುರುವಾಗೋಕೆ ಇನ್ನೂ ಒಂದು ತಿಂಗಳು ಟೈಮಿದೆ, ಕಲಿಸ್ಕೊಂಡು ಬನ್ನಿ. ನೀವು ದರ್ಜಿ, ನಿಮಗೆ ನಾನು ಹೇಳೋದಾ?"

"ಕಲಿಸ್ತೀನಮ್ಮ" ಎಂದ ತಾತ.

ದಾರಿಯುದ್ದಕ್ಕೂ ಹದಿನಾಲ್ಕು, ಹದಿನಾಲ್ಕು ಎಂದು ತಲೆಯಲ್ಲಿ ಒಂದೇ ಬಡಿತ. ಅದೂ ಈ ವರ್ಷದವರು ಮಾತ್ರ. ಅಂಗಡಿಗೆ ಬಂದವನೇ ಕಾಜವಿರುವ ಬಟ್ಟೆಗಾಗಿ ಹುಡುಕಿದ. ಗೂಟದಲ್ಲಿ ನೇತಾಡುತ್ತಿದ್ದ ಇಪ್ಪತ್ತೊಂದು ಅಂಗಿಯಲ್ಲಿ ಒಂದಕ್ಕೂ ಇಲ್ಲ. ತನ್ನ ಮೈಮೇಲಿನ ಅಂಗಿಯನ್ನೇ ನೋಡಿಕೊಂಡ, ಅದಕ್ಕೂ ಪಟ್ಟಿ. ಕೊನೆಗೆ, ಯಾರೋ ಹೊಲಿಯಲು ಕೊಟ್ಟು ಮರೆತುಹೋದ ಹಳೆಯ ಕೋಟೊಂದು ಪೆಟ್ಟಿಗೆಯ ತಳದಲ್ಲಿ ಸಿಕ್ಕಿತು. ಅದನ್ನು ತೊಡೆಯ ಮೇಲೆ ಹರಡಿಕೊಂಡು, "ನೋಡು ಗಿಣಿ, ಹೀಗೆ ಹಿಡ್ಕೋಬೇಕು" ಎಂದ.

ಗುಂಡಿ ಜಾರಿತು. ಮತ್ತೆ ಹಿಡಿದ. ಹೆಬ್ಬೆರಳು ನಡುಗಿ ಕಾಜದ ಆಚೆ ಹೋಯಿತು. ಮೂರನೆಯ ಸಲ ಗುಂಡಿ ಬೆರಳಿಗೇ ಸಿಗಲಿಲ್ಲ.

ಈಗ ಹೇಳಿಬಿಡಬೇಕು. ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ ಕಾಜ ಹೊಲಿಯುವಾಗ ಸೂಜಿ ಅವನ ಕೈಯಿಂದ ಏಳು ಸಲ ಬಿದ್ದಿತ್ತು. ಮಿಷನ್ನಿನಲ್ಲಿ ನೇರ ಹೊಲಿಗೆಗೆ ತೊಂದರೆಯಿರಲಿಲ್ಲ, ದಪ್ಪ ಗುಂಡಿಯನ್ನು ಹೇಗೋ ಹಚ್ಚುತ್ತಿದ್ದ. ಸಣ್ಣ ಕೈಕೆಲಸ ಮಾತ್ರ ಕೈಕೊಟ್ಟಿತ್ತು. ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ, ವೈದ್ಯರ ಬಳಿಗೂ ಹೋಗಲಿಲ್ಲ. ಮರುವಾರವೇ ಪಟ್ಟಿಯ ಉಪಾಯ ಹೊಳೆದದ್ದು. ಮಕ್ಕಳಿಗೋಸ್ಕರ, ಮಕ್ಕಳಿಗೋಸ್ಕರ ಎಂದು ಹೇಳಿ ಹೇಳಿ ಅವನೇ ಅದನ್ನು ನಂಬಿಬಿಟ್ಟಿದ್ದ.

ಗಿಣಿ ಅಪರೂಪಕ್ಕೆ ಬಾಯಿ ಮುಚ್ಚಿಕೊಂಡು ಆ ಬೆರಳುಗಳನ್ನೇ ನೋಡುತ್ತಿದ್ದಳು.

"ತಾತಾ, ನಿಂಗೂ ಬರಲ್ವಾ?"

ತಾತ ಕೋಟನ್ನು ಮಡಚಲು ಹೋದ, ಅದೂ ಆಗಲಿಲ್ಲ. "ಬರಲ್ಲ ಕಣೇ" ಎಂದ.

"ಹಂಗಾದ್ರೆ ನಂಗೆ ಯಾರು ಕಲಿಸ್ತಾರೆ?"

ಸಂಜೆ ಮಗಳು ಕೆಲಸದಿಂದ ಬಂದು, "ಏನಾಯ್ತಪ್ಪಾ, ಸೇರಿಸ್ಕೊಂಡ್ರಾ?" ಎಂದು ಹೊಸ್ತಿಲಲ್ಲೇ ಕೇಳಿದಳು. ಅವಳು ಚಪ್ಪಲಿ ಬಿಡುವ ಮೊದಲೇ ತಾತ ಎದ್ದು ಬಂದು, ನಾಲ್ಕು ವರ್ಷದಿಂದ ಬಚ್ಚಿಟ್ಟಿದ್ದ ಎರಡೂ ಕೈಗಳನ್ನು ಅವಳ ಮುಂದೆ ಚಾಚಿದ.

"ಮೊದಲು ಇದನ್ನ ನೋಡಮ್ಮ" ಎಂದ.